ಡೆನಿಸನ ಬೇಲಿಗೆ ಧಾರೆ ಸೀರೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದಾದರೆ, ಒಂದು ಸುಳ್ಳು ಹೇಳಿ ಬಾಡಿಗೆ ಮನೆ ಹಿಡಿಯಬಾರದೇ? ಮಂಜೇಶ ಹಾಗೆಂದುಕೊಂಡೇ ಸುಳ್ಳು ಹೇಳಿದ್ದು. ಐರ್ಲೆಂಡಿನ ಕಾರ್ಕ್‌ನಲ್ಲಿ ಮನೆ ಹುಡುಕಿ ಸುಸ್ತಾದವರು ಯಾರೂ ಅವನನ್ನು ಬೈಯಲಾರರು.

ಇದ್ದ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹೆಂಡತಿ ಐಶುಗೆ ಆರು ತಿಂಗಳು ತುಂಬಿತ್ತು. ಊರಂಚಿನ ಹಾಲಿಹಿಲ್ ದಾಟಿ ಅರ್ಧ ಗಂಟೆ ಹೋದರೆ ಡೆನಿಸ್ ಟೂಮಿ ಎಂಬ ಮುದುಕ ರೈತನ ಹೊಲ, ಹೊಲದ ಅಂಚಿಗೊಂದು ಖಾಲಿ ಮನೆ. ನೋಡಲು ಹೋದಾಗ ಮುದುಕ ಮನೆಯ ಮಾತೇ ಎತ್ತದೆ, ದನಗಳಿಗೆಂದು ಬೆಳೆಸಿದ ಕೇಲ್ ಸೊಪ್ಪನ್ನು ಜಿಂಕೆಗಳು ಮೇಯುತ್ತಿವೆ ಎಂದು ಗೋಳು ತೋಡಿಕೊಂಡ. ಬಂದೂಕಿನವರನ್ನು ಜಮೀನಿಗೆ ಬಿಡಲು ಅವನಿಗೆ ಮನಸ್ಸಿಲ್ಲ. ಹಿಂದೊಮ್ಮೆ ಬಿಟ್ಟಾಗ ಅವರು ಗೇಟು ಹಾಕದೆ ಹೋಗಿ, ಹನ್ನೊಂದು ದನ ಚರ್ಚಿನ ಮುಂದೆ ಯಾರದೋ ಮದುವೆಯ ಫೋಟೋದಲ್ಲಿ ಸೇರಿಕೊಂಡಿದ್ದವಂತೆ.

ಆಗ ಮಂಜೇಶನ ನಾಲಿಗೆ ಜಾರಿತು. ತಮ್ಮದು ಶಿಕಾರಿ ಮನೆತನ, ತಮ್ಮಜ್ಜ ಬಂದೂಕಿಲ್ಲದೆಯೇ ಕಾಡುಹಂದಿ ಓಡಿಸುತ್ತಿದ್ದರು ಎಂದುಬಿಟ್ಟ. ಹನೂರಿನ ಆ ಅಜ್ಜ ಗಣಿತದ ಮೇಷ್ಟ್ರು. ಅವರು ಓಡಿಸಿದ್ದು ಶಾಲೆಯಿಂದ ಮಕ್ಕಳನ್ನು ಮಾತ್ರ. ಡೆನಿಸನ ಮುಖ ಅರಳಿತು. ಮಂಜೇಶ್ ಎಂಬವರು ನನ್ನ ಜಮೀನಿಗೆ ಯಾವ ಹೊತ್ತಿಗಾದರೂ ಬರಬಹುದು ಎಂದು ಚೀಟಿ ಬರೆದು ಸಹಿ ಹಾಕಿಕೊಟ್ಟ. ಶನಿವಾರ ಜಿಂಕೆ ಓಡಿಸಿದರೆ ಮನೆಯ ಕೀ ಕೊಡುವೆನೆಂದೂ ಹೇಳಿದ.

ಮಂಜೇಶ ಜಿಂಕೆಯನ್ನು ಹತ್ತಿರದಿಂದ ಕಂಡದ್ದು ಮೈಸೂರಿನ ಝೂನಲ್ಲಿ. ಆದರೆ ಹನೂರಿನ ಕಡೆ ರೈತರು ಹಂದಿ ಬರದಂತೆ ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ಅವನಿಗೆ ನೆನಪಿತ್ತು. ಕಾರ್ಕ್‌ನಲ್ಲಿ ಅಷ್ಟು ಸೀರೆ ಎಲ್ಲಿಂದ ತರುವುದು? ಕನ್ನಡ ಬಳಗದ ಚಂದ್ರಾವತಿ ಆಂಟಿಗೆ ಫೋನು ಮಾಡಿ, ರಾಜ್ಯೋತ್ಸವದ ಸ್ಟೇಜ್ ಅಲಂಕಾರಕ್ಕೆ ಸೀರೆ ಬೇಕೆಂದ. ಇದು ಎರಡನೇ ಸುಳ್ಳು. ಆಂಟಿ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಶುಕ್ರವಾರದೊಳಗೆ ಊರಿನ ಡಾಕ್ಟರುಗಳ, ಇಂಜಿನಿಯರುಗಳ ಮನೆಯ ಬೀರು ಬರಿದು ಮಾಡಿಸಿ ಮೂರು ಸೂಟ್‌ಕೇಸ್ ಸೀರೆ ಕಳಿಸಿದರು.

ಶನಿವಾರ ಬೆಳಿಗ್ಗೆ ಮಂಜೇಶ ಕಟ್ಟತೊಡಗಿದ. ಗಾಳಿಗೆ ಒಂದು ಸೀರೆ ಅವನನ್ನೇ ಎರಡು ಸುತ್ತು ಸುತ್ತಿತು. ಡೆನಿಸ್ ಟ್ರ್ಯಾಕ್ಟರಿನ ಮೇಲೆ ಕೂತು, ಪ್ರತಿ ಸೀರೆಗೂ “ಗ್ರ್ಯಾಂಡ್” ಎನ್ನುತ್ತಿದ್ದ. ಕೊನೆಗೆ ಗೇಟಿನ ಪಕ್ಕ ಒಂದು ಸೀರೆಯಷ್ಟು ಜಾಗ ಉಳಿಯಿತು. ಕಾರಿನಲ್ಲಿ ಡ್ರೈಕ್ಲೀನಿಂಗಿನಿಂದ ಬಿಡಿಸಿಕೊಂಡು ಬಂದ ಐಶುವಿನ ಧಾರೆ ಸೀರೆ ಇತ್ತು. ಒಂದೇ ಗಂಟೆಯ ಮಾತು ಎಂದುಕೊಂಡು ಅದನ್ನೂ ಕಟ್ಟಿದ. ಕಟ್ಟುವಾಗಲೇ ಅವನಿಗೆ ನಾಚಿಕೆಯಾಗಿತ್ತು. ಆದರೂ ಗಂಟು ಗಟ್ಟಿಯಾಗಿಯೇ ಹಾಕಿದ.

ಮೂರು ಗಂಟೆಗೆ ಕಾಡಿನಂಚಿನಿಂದ ನಾಲ್ಕು ಜಿಂಕೆ ಇಣುಕಿದವು. ಸೀರೆಗಳು ಪಟಪಟ ಹೊಡೆದುಕೊಂಡವು. ಬಂದ ದಾರಿಗೆ ಸುಂಕವಿಲ್ಲವೆಂದು ಜಿಂಕೆಗಳು ಹಿಂದಿರುಗಿದವು. ಡೆನಿಸ್ ಇಳಿದು ಬಂದು ಕೈ ಕುಲುಕಿದ. ಮಂಜೇಶ ಮನಸ್ಸಿನಲ್ಲೇ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದ.

ಅಷ್ಟರಲ್ಲಿ ರಸ್ತೆಯಲ್ಲೊಂದು ಕಾರು ನಿಂತು ಫೋಟೋ ತೆಗೆಯಿತು. ಅದರ ಹಿಂದೆ ಇನ್ನೊಂದು. ನಾಲ್ಕೂವರೆಗೆ ರಸ್ತೆ ಪೂರ್ತಿ ಜಾಮ್. ಫೋಟೋ ಎಲ್ಲೆಲ್ಲೋ ಸುತ್ತಿ ಕನ್ನಡ ಬಳಗದ ವಾಟ್ಸಾಪಿಗೂ ಬಂತು. ಐದಕ್ಕೆ ಚಂದ್ರಾವತಿ ಆಂಟಿಯ ಕಾರು ಬಂತು. ಪಕ್ಕದಲ್ಲಿ ಐಶು ಕೂತಿದ್ದಳು.

“ಸ್ಟೇಜು ಇದೇನಪ್ಪಾ ಮಂಜೇಶ?” ಎಂದರು ಆಂಟಿ. ದನಿ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಐಶು ಗೇಟಿನ ಹತ್ತಿರ ನಿಂತುಬಿಟ್ಟಿದ್ದಳು. ಪಕ್ಕದ ಹೊಲದ ಹಸುವೊಂದು ಬೇಲಿಯಾಚೆಯಿಂದ ಕತ್ತು ಚಾಚಿ, ಧಾರೆ ಸೀರೆಯ ಸೆರಗನ್ನು ಎಲೆ ಅಡಿಕೆಯಂತೆ ನಿಧಾನವಾಗಿ ಅಗಿಯುತ್ತಿತ್ತು.

“ಸೀಮಂತಕ್ಕೆ ಉಟ್ಕೋಬೇಕು ಅಂತ ಕ್ಲೀನಿಂಗ್‌ಗೆ ಹಾಕಿದ್ದೆ ಕಣೋ” ಎಂದಳು.

ಮಂಜೇಶನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅಷ್ಟೂ ಜನರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಸ್ಟೇಜಿನ ಸುಳ್ಳನ್ನು ಆಂಟಿಗೆ ಕನ್ನಡದಲ್ಲಿ, ಶಿಕಾರಿಯ ಸುಳ್ಳನ್ನು ಡೆನಿಸನಿಗೆ ಇಂಗ್ಲಿಷಿನಲ್ಲಿ ಹೇಳಿದ. ಅಜ್ಜನ ಗಣಿತವನ್ನೂ ಬಿಡಲಿಲ್ಲ. ಬೆವರು ಒರೆಸಲು ಕೈಗೆ ಸಿಕ್ಕಿದ್ದು ರತ್ನಾ ಡಾಕ್ಟರ ಇಳಕಲ್ ಸೀರೆ. ಅದಕ್ಕೂ ಹೆದರಿ ಅಂಗಿಯ ತೋಳಿಗೇ ಒರೆಸಿಕೊಂಡ.

ಆಂಟಿ ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಇಬ್ಬರು ಐರಿಷ್ ಹೆಂಗಸರು ಬಂದು ಬೇಲಿಯ ಮೇಲಿದ್ದ ಆಂಟಿಯ ಹಸಿರು ಸೀರೆಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ಆಂಟಿಯ ಬಾಯಿ ಬಯ್ಯುವುದನ್ನು ಮರೆತು ನಕ್ಕಿತು. ರಾಜ್ಯೋತ್ಸವ ಮುಗಿಯುವವರೆಗೆ ಒಂದು ಸೀರೆಯನ್ನೂ ಬಿಚ್ಚಕೂಡದು, ಪ್ರತಿ ಶನಿವಾರ ಬಂದು ಗಂಟು ಬಿಗಿ ಮಾಡುವುದು ಮಂಜೇಶನ ಶಿಕ್ಷೆ ಎಂದು ತೀರ್ಪು ಕೊಟ್ಟರು.

ಅವಮಾನ ಆದರೆ ಆಯಿತು, ಮನೆಯಾದರೂ ಸಿಕ್ಕಿತಲ್ಲ ಎಂದು ಅವನು ಡೆನಿಸನ ಕಡೆ ಕೈ ಚಾಚಿದ. ಡೆನಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಶಿಕಾರಿಯೋ ಅಲ್ಲವೋ, ಜಿಂಕೆಯಂತೂ ಹೋಯಿತು. ಗ್ರ್ಯಾಂಡ್. ಆದರೆ ಸೀರೆ ನೋಡೋಕೆ ಬಂದವರೆಲ್ಲ ರಾತ್ರಿ ಉಳಿಯೋಕೆ ಜಾಗ ಕೇಳ್ತಿದ್ದಾರೆ. ಡಬ್ಲಿನ್ನಿನಲ್ಲಿರೋ ನನ್ನ ಮಗಳು ಈಗ ಫೋನಲ್ಲೇ ಆ ಮನೆಯನ್ನ ಟೂರಿಸ್ಟ್‌ಗಳಿಗೆ ಬಾಡಿಗೆಗೆ ಹಾಕಿಬಿಟ್ಟಳು. ಕ್ರಿಸ್‌ಮಸ್‌ವರೆಗೆ ಫುಲ್ ಆಯ್ತಂತೆ. ಎಲ್ಲಾ ನಿನ್ನಿಂದಲೇ.”

ಮಂಜೇಶ ಜೇಬಿನಿಂದ ಸಹಿ ಹಾಕಿದ ಚೀಟಿ ತೆಗೆದ. ಐಶು ಅದನ್ನು ಅವನ ಕೈಯಿಂದ ತೆಗೆದುಕೊಂಡು ಓದಿದಳು. ಜಮೀನಿಗೆ ಯಾವ ಹೊತ್ತಿಗಾದರೂ ಬರಬಹುದು ಎಂದಿತ್ತು. ಮನೆಯ ಸುದ್ದಿಯೇ ಇರಲಿಲ್ಲ.

“ಹಿಂದೆ ಏನೋ ಬರ್ದಿದಾರೆ ನೋಡು” ಎಂದಳು.

ಅವನು ಆಸೆಯಿಂದ ಚೀಟಿ ತಿರುಗಿಸಿದ. ಹೋಗುವಾಗ ಗೇಟು ಹಾಕುವುದು, ಎಂದಿತ್ತು.

ಮಂಜೇಶ ಹಸುವಿನ ಬಾಯಿಂದ ಸೆರಗು ಬಿಡಿಸಿಕೊಂಡು, ಹೆಂಡತಿಯನ್ನು ಕಾರಿಗೆ ಹತ್ತಿಸಿ, ಗೇಟು ಹಾಕಿದ.