ವೆಂಡೆಲನ ಏಳನೆಯ ಮೀಸೆ

ವೆಂಡೆಲ್ ಪಾಟ್ಸ್‌ನ ಎಡಮೀಸೆಯಲ್ಲಿ ಒಂದೇ ಒಂದು ಕೂದಲು ಮಿಕ್ಕವಕ್ಕಿಂತ ಕೊಂಚ ಉದ್ದ ಬೆಳೆದಿತ್ತು. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಬಿಡುವ ಆಸಾಮಿಯೇ ಅವನು? ಇಪ್ಪತ್ತೆರಡು ವರ್ಷಗಳಿಂದ ಅವನಿಗೆ ಅನ್ನ ಹಾಕಿದ್ದು ಆ ಮೀಸೆಯೇ. ರೈಲಿನ ಟಿಕೆಟ್ ತಪಾಸಣೆಯವನು, ಜೈಲಿನ ಕಾವಲುಗಾರ, ಬಂದೂಕಿನಂಗಡಿಯ ಮಾಲೀಕ, ಹೀಗೆ ಸಿನಿಮಾ ಟೀವಿ ಎಲ್ಲ ಸೇರಿ ಮೂವತ್ತೊಂದು ಪಾತ್ರ. ಪ್ರತಿ ಪಾತ್ರಕ್ಕೂ ಒಂದೊಂದೇ ಮಾತು. ಅದರಲ್ಲೂ "ಈ ಕಡೆ ಹೋದ್ರು ಸಾರ್" ಎಂಬ ಮಾತನ್ನು ಒಂಬತ್ತು ಸಲ ಹೇಳಿದ್ದ. ಒಂಬತ್ತನ್ನೂ ಒಂಬತ್ತು ಬಗೆಯಲ್ಲಿ ಹೇಳಿದ್ದೇನೆ ಎಂಬ ಹೆಮ್ಮೆಯೂ ಅವನಿಗಿತ್ತು.

ಈಗ ಕಾಲ ತಿರುಗಿತ್ತು. ಹೊಸ ಧಾರಾವಾಹಿಯಲ್ಲಿ ಅವನು ಊರಿನ ಷರೀಫ್, ಅಂದರೆ ಜನ ಓಟು ಹಾಕಿ ಆರಿಸಿದ ಪೊಲೀಸ್ ಮುಖ್ಯಸ್ಥ. ನಿನ್ನೆ ಮೊದಲ ದೃಶ್ಯ ಮುಗಿದಾಗ ನಿರ್ದೇಶಕಿ ಅವನ ಭುಜ ತಟ್ಟಿದ್ದಳು. "ನಾಳೆದೂ ಹೀಗೇ ಬಂದ್ರೆ ವರ್ಷಪೂರ್ತಿ ನೀವು ನಮ್ಮವರೇ."

"ಬರದೆ ಎಲ್ಲಿಗೆ ಹೋಗತ್ತೆ ಮೇಡಂ?" ಎಂದಿದ್ದ ವೆಂಡೆಲ್.

ಬೆಳಿಗ್ಗೆ, ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ಅವನ ಮನೆಯ ಬಚ್ಚಲ ಬಾಗಿಲಿಗೆ ಪಕ್ಕದ ಮನೆಯ ಮಿಲ್ಟನ್ ಒರಗಿ ನಿಂತಿದ್ದ. ಮಿಲ್ಟನ್ ನಿವೃತ್ತ ನಟ. ದಿನಾ ಒಂದು ಲೋಟ ಕಾಫಿ ಕುಡಿದು ಒಂದು ಬಕೆಟ್ ಸಲಹೆ ಕೊಟ್ಟುಹೋಗುವುದು ಅವನ ರೂಢಿ.

"ಕ್ಲೋಸಪ್‌ನಲ್ಲಿ ಆ ಕೂದಲು ಲೈಟ್ ಕಂಬದ ಹಾಗೆ ಕಾಣತ್ತೆ ಕಣೋ. ಕತ್ತರಿ ಬೇಡ, ಕೈ ಜಾರತ್ತೆ. ಟ್ರಿಮ್ಮರ್ ತಗೋ."

ವೆಂಡೆಲ್ ಟ್ರಿಮ್ಮರನ್ನು ಮೀಸೆಗೆ ತಾಗಿಸಿದ. ಅದೇ ಹೊತ್ತಿಗೆ ಬೇಸಿನ್ ಅಂಚಿನಲ್ಲಿದ್ದ ಫೋನು ಮೆಸೇಜ್ ಬಂದು ಗುರ್ರೆಂದಿತು. ಬೆಚ್ಚಿಬಿದ್ದ ವೆಂಡೆಲನ ಕೈ ಜಾರಿತು. ಎಡಮೀಸೆ ಬೇಸಿನ್ನಿಗೆ ಬಿತ್ತು, ಫೋನು ಕಮೋಡಿಗೆ.

ಕಿರುಚಾಟ ಕೇಳಿ ಕೆಳಗಿನ ಮನೆಯ ಬಾಗ್ದಸರಿಯನ್ ಆಂಟಿ ಲಟ್ಟಣಿಗೆ ಹಿಡಿದೇ ಮೆಟ್ಟಿಲೇರಿ ಬಂದರು. ಆಕೆ ಮೂವತ್ತು ವರ್ಷ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸಿದವರು.

"ಯಾರು ಸತ್ರು?" ಎಂದರು. ವೆಂಡೆಲನ ಮುಖ ನೋಡಿ, "ಓ, ಅರ್ಧ ಮಾತ್ರ" ಎಂದರು.

ಮಿಲ್ಟನ್ ಇಕ್ಕಳದಿಂದ ಎತ್ತಿದ ಫೋನನ್ನು ಆಂಟಿ ಒಂದು ಡಬ್ಬ ಅಕ್ಕಿಯಲ್ಲಿ ಹೂತಿಟ್ಟರು. "ಸಂಜೆ ಹೊತ್ತಿಗೆ ಜೀವ ಬರತ್ತೆ. ಆದ್ರೆ ಈ ಅಕ್ಕಿ ವಾಪಸ್ ನನ್ನ ಅಡುಗೆಮನೆಗೆ ಬರಕೂಡದು. ಈಗ ನೀನು ಸುಮ್ನೆ ಹೋಗಿ ನಿಜ ಹೇಳ್ಬಿಡಪ್ಪ. ಅಲ್ಲಿ ಮೇಕಪ್‌ನವರು ಇರಲ್ವಾ?"

"ಆಂಟಿ, ಅವರು ನನ್ನ ತಗೊಂಡಿದ್ದೇ ಈ ಮೀಸೆ ನೋಡಿ. ಇದನ್ನೂ ನೆಟ್ಟಗೆ ಕಾಪಾಡ್ಕೊಳ್ಳಕ್ಕಾಗದೋನಿಗೆ ವರ್ಷಪೂರ್ತಿ ಕೆಲಸ ಯಾರು ಕೊಡ್ತಾರೆ?"

ಆಂಟಿಗೆ ಕರುಳು ಚುರುಕ್ಕೆಂದಿತು. ಮನೆಗೆ ಹೋಗಿ ತಮ್ಮ ಮದುವೆಯ ಚೌರಿ ತಂದರು. ಅಸಲಿ ಕೂದಲು, ಬಣ್ಣವೂ ಅದೇ. ನಿನ್ನೆ ಸ್ಟುಡಿಯೋದಲ್ಲಿ ತೆಗೆದುಕೊಟ್ಟಿದ್ದ ಫೋಟೋ ಎದುರಿಗಿಟ್ಟುಕೊಂಡು, ಕಾಲುಚೀಲದ ತೆಳು ಬಟ್ಟೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕುತ್ತ ಮೂರು ಗಂಟೆ ಕೂತರು. ಅಷ್ಟರಲ್ಲಿ ವೆಂಡೆಲ್ ಉಳಿದರ್ಧ ಮೀಸೆಯನ್ನೂ ಬೋಳಿಸಿಕೊಂಡ.

ಮಿಲ್ಟನ್‌ನ ನಾಟಕದ ಪೆಟ್ಟಿಗೆಯಲ್ಲಿದ್ದ ಮೀಸೆ ಅಂಟು ಒಣಗಿ ಕಲ್ಲಾಗಿತ್ತು. ಅವನು ಎದೆಗುಂದದೆ ಬೇರೊಂದು ಡಬ್ಬಿ ತಂದ.

"ದೋಣಿಗೆ ಹಾಕೋ ಅಂಟು. ಸಮುದ್ರಕ್ಕೇ ಬಗ್ಗಿಲ್ಲ, ನಿನ್ನ ಬೆವರಿಗೆ ಬಗ್ಗತ್ತಾ?"

ಅಂಟಿಸಿ ಹತ್ತು ನಿಮಿಷವಾದ ಮೇಲೆ ಮಿಲ್ಟನ್ ಮೀಸೆ ಹಿಡಿದು ಎಳೆದು ನೋಡಿದ. ವೆಂಡೆಲನ ತಲೆಯೂ ಜೊತೆಗೇ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಮೀಸೆ ಹಳೆಯದಕ್ಕಿಂತ ಒಂದು ಕೈ ಮೇಲು.

ವೆಂಡೆಲ್ ಸ್ಟುಡಿಯೋದೊಳಕ್ಕೆ ಮದುಮಗನ ಹಾಗೆ ನಡೆದ. ಎಲ್ಲರ ಕೈಯಲ್ಲೂ ಸಂಭಾಷಣೆಯ ನೀಲಿ ಹಾಳೆಗಳಿದ್ದವು, ಅವನ ಕೈಯಲ್ಲಿ ಮಾತ್ರ ಬಿಳಿ. ಈ ಕಸುಬಿನಲ್ಲಿ ದೃಶ್ಯ ತಿದ್ದಿದಾಗಲೆಲ್ಲ ಹಾಳೆಯ ಬಣ್ಣವೂ ಬದಲಾಗುತ್ತದೆ. ಮಾತು ಒಂದೆರಡು ಅತ್ತಿತ್ತ ಆಗಿರಬೇಕು, ಐದು ನಿಮಿಷದಲ್ಲಿ ಬಾಯಿಪಾಠ ಮಾಡಿದರಾಯಿತು ಎಂದುಕೊಂಡ.

ಮೇಕಪ್‌ನ ಯೋಲಾಂಡಾ ಅವನನ್ನು ಕಂಡವಳೇ ಕೈಯಲ್ಲಿದ್ದ ಬಾಚಣಿಗೆ ಬೀಳಿಸಿದಳು.

"ಇದೇನ್ರೀ ಇದು?"

"ಮೀಸೆ" ಎಂದು ವೆಂಡೆಲ್ ಅದನ್ನು ಹುರಿಮಾಡಿ ತೋರಿಸಿದ.

"ಬೆಳಿಗ್ಗೆ ಮೆಸೇಜ್ ನೋಡ್ಲಿಲ್ವಾ? ಷರೀಫ್ ಚುನಾವಣೆ ಸೋತು ಊರೆದುರಿಗೆ ಮೀಸೆ ಬೋಳಿಸ್ಕೋತಾನೆ. ಆರು ಟೇಕ್ ಆದ್ರೂ ಬೇಕು. ನಿಮ್ಮ ಸ್ವಂತ ಮೀಸೆ ಆರು ಸಲ ಬೋಳಿಸಕ್ಕಾಗತ್ತಾ? ಮನೇಲೇ ತೆಗೆಸ್ಕೊಂಡು ಬನ್ನಿ ಅಂತ ಕಳ್ಸಿದ್ವಲ್ರೀ!"

ಅವಳ ಮುಂದಿನ ತಟ್ಟೆಯಲ್ಲಿ ಒಂದೇ ತೆರನಾದ ಆರು ಮೀಸೆಗಳು ಸಾಲಾಗಿ ಮಲಗಿದ್ದವು.

ವೆಂಡೆಲನಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇನಾ! ಇದೂ ನಕಲಿನೇ. ಎಳೀರಿ."

ಯೋಲಾಂಡಾ ಎಳೆದಳು, ತಲೆ ಬಂತು. ಎರಡೂ ಕೈ ಹಾಕಿ ಎಳೆದಳು, ಕುರ್ಚಿಯೂ ಬಂತು. ಎಣ್ಣೆ ಹಚ್ಚಿದಳು, ಸ್ಪಿರಿಟ್ ಸವರಿದಳು. ತುಟಿ ಬನ್ನಿನ ಹಾಗೆ ಊದಿತೇ ಹೊರತು ಮೀಸೆ ಕದಲಲಿಲ್ಲ. ಗಲಾಟೆ ಕೇಳಿ ನಿರ್ದೇಶಕಿ ಬಂದಳು.

"ನಕಲಿ ಅಂತಾರೆ ಮೇಡಂ, ಆದ್ರೆ ಬರಲ್ಲ" ಎಂದಳು ಯೋಲಾಂಡಾ.

ನಿರ್ದೇಶಕಿ ಬಗ್ಗಿ, ಟಾರ್ಚ್ ಬಿಟ್ಟು ನೋಡಿದಳು. "ವೆಂಡೆಲ್ ಅವರೇ, ಒಂದೊಂದು ಕೂದಲಿನ ಬುಡವೂ ಕಾಣ್ತಿದೆ. ಮೀಸೆ ಮೇಲೆ ಅಷ್ಟು ಪ್ರೀತಿ ಇದ್ರೆ ನೇರವಾಗಿ ಹೇಳ್ಬಹುದಿತ್ತು. ಸುಳ್ಳು ಯಾಕೆ?"

"ದೇವರಾಣೆ ಮೇಡಂ! ಇದು ನಮ್ಮ ಕೆಳಗಿನ ಮನೆ ಆಂಟಿ ಮದುವೆ ಚೌರಿ!"

ಯಾರೂ ನಗಲೂ ಇಲ್ಲ. ಇಪ್ಪತ್ತೆರಡು ವರ್ಷ ಸುಳ್ಳನ್ನು ನಿಜವೆಂದು ನಂಬಿಸಿದವನಿಗೆ ಒಂದು ನಿಜ ನಂಬಿಸಲು ಆಗಲಿಲ್ಲ. ವೆಂಡೆಲನಿಗೆ ಅಳು ಬಂತು, ಅತ್ತರೆ ತುಟಿ ಇನ್ನಷ್ಟು ಉರಿಯಿತು.

"ರೇಜರ್ ಹಾಕಿ ಬೋಳಿಸಿಬಿಡಿ" ಎಂದು ಅಂಗಲಾಚಿದ.

"ಈ ತುಟಿಗಾ? ರಕ್ತ ಬರತ್ತೆ" ಎಂದಳು ಯೋಲಾಂಡಾ. "ಇದರ ಮೇಲೆ ಇನ್ನಾರು ಮೀಸೆ ಅಂಟಿಸೋದು ಕನಸಿನ ಮಾತು."

ಅರ್ಧ ಗಂಟೆಯಲ್ಲಿ ಗುಲಾಬಿ ಹಾಳೆಗಳು ಬಂದವು. ಮೀಸೆ ತೆಗೆಸಲು ಒಪ್ಪದ ಷರೀಫ್ ಊರು ಬಿಟ್ಟು ಓಡುತ್ತಾನೆ. ವೆಂಡೆಲ್ ಕ್ಯಾಮೆರಾಗೆ ಬೆನ್ನು ಮಾಡಿ ಧೂಳಿನಲ್ಲಿ ನಡೆದುಹೋದ. ಹಿಂದೆಯೇ ಹೊಸ ಷರೀಫ್ ಬಂದು, ಅವನೆಲ್ಲಿ ಎಂದು ದಾರಿಹೋಕನೊಬ್ಬನನ್ನು ಕೇಳಿದ. ಯೋಲಾಂಡಾಳ ಆರು ಮೀಸೆಗಳಲ್ಲೊಂದನ್ನು ಆ ದಾರಿಹೋಕನಿಗೆ ಅಂಟಿಸಿದ್ದರು.

"ಈ ಕಡೆ ಹೋದ್ರು ಸಾರ್" ಎಂದ ಅವನು. ಚೆನ್ನಾಗಿಯೇ ಹೇಳಿದ.

ಸಂಜೆ ಮೆಟ್ಟಿಲ ಮೇಲೆ ಮಿಲ್ಟನ್ ಮತ್ತು ಆಂಟಿ ಕಾಯುತ್ತಿದ್ದರು. ಆಂಟಿಯ ಕೈಯಲ್ಲಿದ್ದ ಅಕ್ಕಿ ಡಬ್ಬದೊಳಗೆ ಫೋನು ಜೀವ ಬಂದು ಮಿನುಗುತ್ತಿತ್ತು.

"ಏನೋ, ಬಿತ್ತಾ?" ಎಂದ ಮಿಲ್ಟನ್.

"ಇಲ್ಲ."

"ನಕಲಿ ಅಂತ ಯಾರಿಗಾದ್ರೂ ಗೊತ್ತಾಯ್ತಾ?"

"ಒಬ್ಬರೂ ನಂಬಲಿಲ್ಲ" ಎಂದ ವೆಂಡೆಲ್.

ಮಿಲ್ಟನ್ ಆಂಟಿಯ ಕೈ ಕುಲುಕಿದ. "ನೋಡಿದ್ರಾ? ನಾವಿಲ್ದಿದ್ರೆ ಇವತ್ತು ಇವನ ಗತಿ ಏನಾಗ್ತಿತ್ತು!"