ಅರ್ಧ ಕೊಯ್ದ ಇಂಜಿನ್

ಯಂತ್ರದ ಮುಂದೆ ನಿಂತರೂ ಕನಸು ಕಾಣುವವನಿಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ತ್ರಾಸಿಲ್ಲ, ಅವೇ ಮನೆ ಕೇಳಿಕೊಂಡು ಬರುತ್ತವೆ. ಅರವತ್ತರ ದಶಕದಲ್ಲಿ ನಾನು ಇಚಲಕರಂಜಿಯ ಶಾಲೆಯೊಂದರಲ್ಲಿ ಮ್ಯಾಟ್ರಿಕ್‌ಗೆ ಇಂಜಿನಿಯರಿಂಗ್ ಸೈನ್ಸ್ ತೆಗೆದುಕೊಂಡಿದ್ದೆ. ಅಪ್ಪ ಪವರ್‌ಲೂಮಿನ ಕಾಮಗಾರ. ಅವನದು ಒಂದೇ ಮಾತು: "ಪಾಸಾದ್ರ ಮುಂದ ಕಲಿಯಾಕ ಕೊಲ್ಲಾಪುರಕ್ಕ ಹೋಗು. ನಪಾಸಾದ್ರ ನನ್ನ ಬಾಜೂಕ ಮಗ್ಗಕ್ಕ ನಿಲ್ಲು." ನನಗೋ ಕೊಲ್ಲಾಪುರದ ಹುಚ್ಚು. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ.

ಕುಂಕುಮ

ಶಾಲೆಗೆಲ್ಲ ಇದ್ದದ್ದು ಒಂದೇ ವರ್ನಿಯರ್, ಎರಡು ದವಡೆಗಳ ನಡುವೆ ಕಚ್ಚಿ ಹಿಡಿದು ಕಬ್ಬಿಣದ ದಪ್ಪ ಅಳೆಯುವ ಸಾಧನ. ಖಂಡೇನವಮಿಗೆ ವರ್ಕ್‌ಶಾಪಿನ ಪೂಜೆ ನನ್ನ ಪಾಲಿಗೆ ಬಂತು. ಕಬ್ಬಿಣ ಕಡೆಯುವ ಲೇಥಿಗೆ ಕುಂಕುಮ ಹಚ್ಚಿದೆ, ಸುತ್ತಿಗೆಗೆ ಹಚ್ಚಿದೆ. ಭಕ್ತಿ ಉಕ್ಕಿ ವರ್ನಿಯರಿನ ಎರಡೂ ದವಡೆಗಳ ಒಳಮೈಗೂ ಹಸಿ ಕುಂಕುಮ ಮೆತ್ತಿದೆ. ರಜೆಯಲ್ಲಿ ಅದು ಒಣಗಿ ಕಲ್ಲಾಯಿತು.

ರಜೆ ಮುಗಿದ ಮೇಲೆ ಮಾಸ್ತರರು ಅರ್ಧ ಇಂಚು ದಪ್ಪದ ತುಂಡು ಮಾಡಲು ಹೇಳಿದರು. ಎಷ್ಟು ಅರ ಹಾಕಿ ಉಜ್ಜಿದರೂ ವರ್ನಿಯರ್ ಇನ್ನೂ ದಪ್ಪ ಎನ್ನುತ್ತಿತ್ತು. ನಾವೂ ಉಜ್ಜಿಯೇ ಉಜ್ಜಿದೆವು. ಕೊನೆಗೆ ಮಾಸ್ತರರು ಅರ್ಧ ಇಂಚಿನ ಸಂದಿದ್ದ ತಮ್ಮ ಅಳತೆಗಟ್ಟಿಯಲ್ಲಿ ತೂರಿಸಿ ನೋಡಿದರೆ ಇಡೀ ಕ್ಲಾಸಿನ ತುಂಡುಗಳು ಒಂದೇ ಸಮ ತೆಳ್ಳಗೆ. ಒಬ್ಬರದ್ದು ಒಬ್ಬರು ಕಾಪಿ ಹೊಡೆದಿದ್ದೀರಿ ಎಂದು ಕೂಗಾಡಿದರು. ಕಬ್ಬಿಣದಲ್ಲಿ ಕಾಪಿ ಹೊಡೆಯುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ವರ್ನಿಯರ್ ತೆಗೆದು ಉಗುರಿನಿಂದ ಕೆರೆದರು, ಉಗುರು ಕೆಂಪಾಯಿತು. ಅವರು ಪಾಠ ಹೇಳುವುದು ಮರಾಠಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ.

"ಪೂಜಾ ಮಾಡು, ಬ್ಯಾಡ ಅನ್ನೂದಿಲ್ಲ. ದೇವರ ಬಾಯಾಗ ಕುಂಕುಮ ತುರಕಬ್ಯಾಡ."

ಗಡಹಿಂಗ್ಲಜದ ಮಾವ

ಗಡಹಿಂಗ್ಲಜದಲ್ಲಿ ಸೋದರಮಾವನ ಕಬ್ಬಿನ ಗಾಣಕ್ಕೆ ಒಂದು ಎಣ್ಣೆ ಇಂಜಿನ್ ಇತ್ತು. ಮಗಳಿಗಿಂತ ಅದರ ಮೇಲೆ ಅವನಿಗೆ ಅಕ್ಕರೆ ಹೆಚ್ಚು. ರಜೆಗೆ ಹೋದಾಗ ನನ್ನ ಡ್ರಾಯಿಂಗ್ ಹಾಳೆ ಬಿಚ್ಚಿ ತೋರಿಸಿದೆ. ಒಳಭಾಗ ಕಾಣಲೆಂದು ಇಂಜಿನ್ನನ್ನು ನಡುವೆ ಸೀಳಿದಂತೆ ಬರೆಯುವುದು ನಮ್ಮ ಪದ್ಧತಿ. ಮಾವ ಬಹಳ ಹೊತ್ತು ನೋಡಿದ. ಮೆಲ್ಲಗೆ ಎದ್ದು ಹೋಗಿ ಇಂಜಿನ್ ಖೋಲಿಗೆ ಕೀಲಿ ಜಡಿದು ಬಂದ. ನೆಟ್ಟಗಿದ್ದದ್ದನ್ನು ಕೊಯ್ಯುವ ವಿದ್ಯೆ ತನಗೆ ಬೇಡ ಎಂದ.

ಎರಡು ದಿನಕ್ಕೆ ಇಂಜಿನ್ ಕೆಟ್ಟಿತು. ಕೊಲ್ಲಾಪುರದಿಂದ ಮೇಸ್ತ್ರಿ ಬಂದು ನಟ್ಟು, ಬೋಲ್ಟು, ಪಿಸ್ಟನ್ ಎಲ್ಲ ಕಳಚಿ ಗೋಣಿತಟ್ಟಿನ ಮೇಲೆ ಹರವಿದ. ಮಾವ ನನ್ನನ್ನು ಕರೆದು ತೋರಿಸಿದ.

"ನೋಡು, ಇಂವಾ ಪೂರಾ ಕಲತಾನ. ನಿಂದು ಇನ್ನ ಅರ್ಧಾನ ಆಗೇತಿ."

ಪರೀಕ್ಷೆ

ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಓಣಿಯವರೆಲ್ಲ ಖಟಖಟ ಸದ್ದಿನಲ್ಲೇ ಹುಟ್ಟಿ ಬೆಳೆದವರು. ಮಗ್ಗ ನಡೆದರೆ ನಿದ್ದೆ, ಸದ್ದು ಸ್ವಲ್ಪ ತಪ್ಪಿದರೂ ಎಚ್ಚರ. ಎಳೆ ಹರಿಯಿತೋ, ಮಗ್ಗ ತಿರುಗಿಸುವ ಚರ್ಮದ ಪಟ್ಟಾ ಸಡಿಲಾಯಿತೋ, ಕಿವಿಗೇ ಗೊತ್ತು.

ಪ್ರಾಕ್ಟಿಕಲ್ ಪರೀಕ್ಷೆಗೆ ಕೊಲ್ಲಾಪುರದಿಂದ ಪರೀಕ್ಷಕರು ಬಂದರು. ಲೇಥ್ ಶುರು ಮಾಡಿ ಒಂದು ಉದ್ದನೆಯ ಸಲಾಕೆ ಕೊಟ್ಟರು. ಅದು ತನ್ನಷ್ಟಕ್ಕೆ ಕಡೆಯುತ್ತಾ ಸಾಗುತ್ತದೆ, ನಾನು ಕಾಯಬೇಕು ಅಷ್ಟೆ. ಅಂಥ ಇಂಪಾದ ಸದ್ದು. ಕೊಲ್ಲಾಪುರದ ರಂಕಾಳಾ ಕೆರೆಯ ದಂಡೆಯಲ್ಲಿ ಪುಸ್ತಕ ಹಿಡಿದು ನಡೆಯುತ್ತಿದ್ದೆ, ತಂಪು ಗಾಳಿ ಬೀಸುತ್ತಿತ್ತು. ನಿಂತಲ್ಲೇ ನಿದ್ದೆ ಹೋಗಿದ್ದೆ.

ಥಟ್ಟನೆ ಸದ್ದು ಬದಲಾಯಿತು. ಕಣ್ಣು ತೆರೆಯುವ ಮೊದಲೇ ಕೈ ಸ್ವಿಚ್ ಆರಿಸಿತ್ತು. ಪರೀಕ್ಷಕರು ಲೇಥಿನ ಆ ತುದಿಗೆ, ಅದನ್ನು ತಿರುಗಿಸುವ ಪಟ್ಟಾದ ಹತ್ತಿರ ಬಗ್ಗಿ ನೋಡುತ್ತಿದ್ದವರು ಸಿಟ್ಟಿನಿಂದ ತಲೆ ಎತ್ತಿದರು.

"ಹಿಂದಕ ಸರೀರಿ ಸಾಹೇಬ್ರ, ಪಟ್ಟಾದ ಹೊಲಿಗಿ ಬಿಚ್ಚಾಕತ್ತೈತಿ," ಎಂದೆ.

ನೋಡಿದರೆ ಹೊಲಿಗೆಯ ಒಂದೇ ಎಳೆ ಉಳಿದಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಪಟ್ಟಾ ಅವರ ಮುಖಕ್ಕೇ ಬಾರಿಸುತ್ತಿತ್ತು. ಅಷ್ಟು ದೂರದಿಂದ ಹೇಗೆ ತಿಳಿಯಿತೆಂದು ಕೇಳಿದರು. ಸುಳ್ಳು ಹೇಳಲು ಹೊಳೆಯಲಿಲ್ಲ. ನಿದ್ದೆ ಹತ್ತಿತ್ತು, ಎಚ್ಚರವಾಯಿತು ಎಂದುಬಿಟ್ಟೆ. ಕೊಲ್ಲಾಪುರ ಕೈಬಿಟ್ಟಿತೆಂದು ಅಳುವೇ ಬಂತು.

ಅವರು ತಮ್ಮ ಕೆನ್ನೆ ಸವರಿಕೊಂಡು ಪಾಸು ಮಾಡಿದರು.

ಮನೆಗೆ ಓಡಿಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವನು ಎಲೆ ಅಡಿಕೆ ಜಗಿಯುತ್ತಾ ಕೇಳಿದ, ಕಣ್ಣು ತುಂಬಿದ್ದವು, ಮಾತು ಮಾತ್ರ ಎಂದಿನಂತೆ ಒರಟೇ ಇತ್ತು.

"ಹಂಗಂದ್ರ ನಮ್ಮ ಓಣ್ಯಾಗ ತೊಟ್ಟಲದಾಗಿನ ಕೂಸುಗೋಳೂ ಇಂಜಿನಿಯರ ಅದಾವ ಬಿಡು."