ಫಿಲ್ಮಿಗೆ ಮೂರು ಸ್ನಾನ

ಗುಮಾಸ್ತರಿಗೆ ಈ ಲೋಕದಲ್ಲಿ ಯಾರ ಮೇಲಾದರೂ ಹಗೆಯಿದ್ದರೆ ಅದು ಬೀದಿ ಮೂಲೆಯ ಫೋಟೋ ಸ್ಟುಡಿಯೋದವನ ಮೇಲೆ. ಕಳೆದ ಸಲ ಅವನು ತೊಳೆದುಕೊಟ್ಟ ಫೋಟೋಗಳಲ್ಲಿ ಅವರ ತಲೆ ಬೋಳಾಗಿ ಕಂಡಿತ್ತು. (ಅದು ಇದ್ದದ್ದೇ ಹಾಗೆ ಎಂಬುದು ಹೆಂಡತಿಯ ವಾದ. ಇರಲಿ.) ಹಾಗಾಗಿ ಈ ಸಲದ ಕಪ್ಪು-ಬಿಳುಪು ರೀಲನ್ನು ಸ್ವಹಸ್ತದಿಂದ ತೊಳೆಯುವುದಾಗಿ ಘೋಷಿಸಿದರು.

ರೀಲು ಸಾಮಾನ್ಯದ್ದಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅವರ ಅತ್ತೆಯೂ ಅತ್ತೆಯ ತಂಗಿಯೂ ಮೊನ್ನೆ ಇದೇ ಮನೆಯ ಹಜಾರದಲ್ಲಿ ಅಪ್ಪಿಕೊಂಡು ಅತ್ತಿದ್ದರು. ಗುಮಾಸ್ತರು ಪಟಪಟನೆ ಕ್ಲಿಕ್ಕಿಸಿದ್ದರು. ಆದರೆ ಕಣ್ಣೀರು ಆರುವ ಮೊದಲೇ, ಮೊದಲು ಕೈ ಚಾಚಿದ್ದು ಯಾರು ಎಂದು ಜಗಳ ಹತ್ತಿತು. "ಫೋಟೋ ಬರಲಿ, ಗೊತ್ತಾಗುತ್ತೆ" ಎಂದು ಇಬ್ಬರೂ ಮತ್ತೆ ಮಾತು ಬಿಟ್ಟು ಒಂದೊಂದು ಕೋಣೆ ಹಿಡಿದರು. ನಡುವೆ ಸುದ್ದಿ ಹೊತ್ತು ಓಡಾಡಿ ಗುಮಾಸ್ತರ ಹೆಂಡತಿ ಸೋತುಹೋಗಿದ್ದಳು.

"ನಾಳೆ ಚಿಕ್ಕಮ್ಮ ಹೊರಡ್ತಾರೆ. ಹೀಗೇ ಹೋದ್ರೆ ಇನ್ನು ಈ ಜನ್ಮದಲ್ಲಿ ಇವರಿಬ್ಬರ ಮುಖಾಮುಖಿ ಇಲ್ಲ. ಸುಮ್ನೆ ಸ್ಟುಡಿಯೋಗೆ ಕೊಡಿ ಅಂದ್ರೆ!"

"ನಿಂಗೇನು ಗೊತ್ತು? ಫಿಲ್ಮಿಗೆ ಮೂರು ಸ್ನಾನ. ಮೊದಲು ಡೆವಲಪರ್, ಚಿತ್ರ ಮೂಡಿಸುತ್ತೆ. ಆಮೇಲೆ ಸ್ಟಾಪ್ ಬಾತ್, ಸಾಕು ನಿಲ್ಲು ಅನ್ನುತ್ತೆ. ಕೊನೆಗೆ ಫಿಕ್ಸರ್, ಚಿತ್ರವಾಗದೆ ಉಳಿದಿದ್ದನ್ನೆಲ್ಲ ತೊಳೆದುಹಾಕುತ್ತೆ."

"ಬೆಳಗಿನಿಂದ ಮನೆಮಂದಿಗೆ ಒಂದು ಸ್ನಾನಕ್ಕೂ ಬಚ್ಚಲು ಬಿಟ್ಟಿಲ್ಲ, ಫಿಲ್ಮಿಗೆ ಮೂರಂತೆ! ಬಾಟ್ಲಿ ಮೇಲೆ ಹೆಸರಾದ್ರೂ ಬರೀರಿ, ಮೂರೂ ಒಂದೇ ಥರ ಇವೆ."

"ಬರೆದಾಗಿದೆ!" ಎಂದು ಗುಮಾಸ್ತರು ಬಚ್ಚಲ ಬಾಗಿಲು ಹಾಕಿಕೊಂಡರು.

ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲಲ್ಲಿ ತಡಕಾಡಿ, ಫಿಲ್ಮನ್ನು ಸುರುಳಿ ಸುತ್ತಿ ಬೆಳಕು ಹೋಗದ ಡಬ್ಬಿಯೊಳಗಿಟ್ಟು ಮುಚ್ಚಿದರು. ಮೊಣಕೈ ತಗುಲಿ ಚೊಂಬು ಉರುಳಿತು. "ಬಿದ್ರಾ?" ಎಂದು ಅತ್ತೆ ಒಂದು ಕೋಣೆಯಿಂದ, "ಬಿದ್ದಿರ್ತಾರೆ" ಎಂದು ಚಿಕ್ಕತ್ತೆ ಇನ್ನೊಂದರಿಂದ. ದೀಪ ಹಾಕಿ, ಒಂದೊಂದೇ ದ್ರಾವಣ ಸುರಿದು, ಅಲ್ಲಾಡಿಸಿ, ಚೆಲ್ಲಿದರು. ಇಷ್ಟು ಅಚ್ಚುಕಟ್ಟಾಗಿ ಅವರು ಜೀವಮಾನದಲ್ಲಿ ಬೇರಾವ ಕೆಲಸವನ್ನೂ ಮಾಡಿರಲಿಲ್ಲ.

ಹಜಾರದಲ್ಲಿ ಎಲ್ಲರೂ ಸೇರಿದರು. ಅಕ್ಕ-ತಂಗಿ ಆ ಗೋಡೆಗೊಬ್ಬರು, ಈ ಗೋಡೆಗೊಬ್ಬರು. ಗುಮಾಸ್ತರು ಡಬ್ಬಿಯಿಂದ ಫಿಲ್ಮನ್ನು ಎಳೆದು ಬೆಳಕಿಗೆ ಹಿಡಿದರು. ಆಚೆ ಬದಿಯ ಅತ್ತೆಯ ಮುಖ ನಿಚ್ಚಳವಾಗಿ ಕಂಡಿತು. ಅದು ಫಿಲ್ಮಿನಲ್ಲಿದ್ದ ಮುಖವಲ್ಲ, ಅದರ ಹಿಂದೆ ಕೆಂಪಾಗುತ್ತಿದ್ದ ಮುಖ. ಫಿಲ್ಮು ಗಾಜಿನಷ್ಟು ಸ್ವಚ್ಛವಾಗಿತ್ತು.

"ಹೆಸರು ಬರೆದಿದ್ರಲ್ಲ?" ಎಂದಳು ಹೆಂಡತಿ.

"ಬರೆದಿದ್ದೆ ಕಣೇ. ಬಾಟ್ಲಿಗಳ ಮುಚ್ಚಳದ ಮೇಲೆ."

"ಮುಚ್ಚಳ?"

"ಮುಂಜಾಗ್ರತೆಗೆ ಮೂರನ್ನೂ ಮೊದಲೇ ತೆಗೆದು... ಆಮೇಲೆ ಧೂಳು ಬೀಳಬಾರದು ಅಂತ ಮತ್ತೆ ಹಾಕಿದ್ದೆ."

ಮುಚ್ಚಳಗಳು ಅದಲುಬದಲಾಗಿ, ಕೊನೆಯ ಸ್ನಾನ ಮೊದಲಾಗಿತ್ತು. ಚಿತ್ರವಾಗಬೇಕಾದದ್ದೆಲ್ಲ ಮೋರಿ ಸೇರಿತ್ತು. ಗುಮಾಸ್ತರಿಗೆ ನಿಜಕ್ಕೂ ಅಳು ಬಂತು.

"ನಾನು ಮೊದಲು ಕೈ ಚಾಚಿದ್ದು ತೊಳೆದುಹೋಯ್ತಲ್ಲ!" ಎಂದರು ಅತ್ತೆ.

"ನೀನೆಲ್ಲಿ ಚಾಚಿದೆ? ಹೋಗಿದ್ದು ನಾನು ಚಾಚಿದ್ದು!" ಎಂದು ಚಿಕ್ಕತ್ತೆ ಅಬ್ಬರಿಸಿ, ತಟ್ಟನೆ ಗುಮಾಸ್ತರ ಕಡೆ ತಿರುಗಿದರು. "ಅಲ್ಲಕ್ಕಾ, ಇಂಥವರಿಗೆ ಮಗಳನ್ನ ಹೇಗೆ ಕೊಟ್ಟೆ?"

"ನೀನು ಆಗ್ಲೇ ಬೇಡ ಅಂದಿದ್ದೆ ಕಣೇ. ನಾನೇ ಕೇಳ್ಲಿಲ್ಲ" ಎಂದ ಅತ್ತೆ ತಂಗಿಯ ಹೆಗಲ ಮೇಲೆ ಕೈ ಹಾಕಿದರು. "ಆ ಮಾತಿಗೇ ಅಲ್ವಾ ನಾನು ನಿನ್ನ ಹತ್ರ ಮಾತು ಬಿಟ್ಟಿದ್ದು? ನೀನು ಹೇಳಿದ್ದೇ ಸರಿ."

ಇಬ್ಬರೂ ಸೇರಿ ಗುಮಾಸ್ತರನ್ನು ಬೇಕಾದಷ್ಟು ಬೈದರು. ಬೈಯುತ್ತ ನಗು ಬಂತು, ನಗುತ್ತ ಕಣ್ಣಲ್ಲಿ ನೀರು ಬಂತು. ಚಿಕ್ಕತ್ತೆಯ ಪ್ರಯಾಣ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಹೆಂಡತಿ ಹೊಸ ರೀಲು ಹಾಕಿದ ಕ್ಯಾಮೆರಾ ಎತ್ತಿಕೊಂಡಿದ್ದಳು.

ಆ ಫೋಟೋ ಈಗ ಹಜಾರದ ಗೋಡೆಯಲ್ಲಿದೆ. ಅಕ್ಕ-ತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಾರೆ. ನಡುವೆ ಖಾಲಿ ಫಿಲ್ಮು ಹಿಡಿದು ಗುಮಾಸ್ತರು ತಲೆ ತಗ್ಗಿಸಿ ನಿಂತಿದ್ದಾರೆ. ಹೆಂಡತಿ ಅದನ್ನು ಮೂಲೆಯ ಸ್ಟುಡಿಯೋದಲ್ಲೇ ತೊಳೆಸಿದಳು. ತಲೆ ಬಹಳ ಸ್ಪಷ್ಟವಾಗಿ ಬಂದಿದೆ.